ಅಮಾಸಿ ದಿನದ ಸೂಟಿ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೀಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ‘ಮಾನಸಿಕ ಕಾಯಿಲೆ ಇರುವವರ ಮನೆಯವರಿಗೆ ತಿಳಿವಳಿಕೆ ಕೊಡುವುದು ಹೇಗೆ, ಮೇಡಂ?’ ಎಂದು ಕೇಳುತ್ತಾರೆ. ನಾನು ಎದ್ದು ಹೋಗಿ ಚಹಾಕ್ಕೆ ಇಡುತ್ತೇನೆ. ಉತ್ತರ ಗೊತ್ತಿಲ್ಲದಾಗ ಚಹಾಕ್ಕೆ ಇಡುವುದನ್ನು ಕಲಿತದ್ದೂ ಈ ಕೆಲಸದಲ್ಲಿಯೇ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವುಗಳ ಬಗ್ಗೆ ಹೇಳಲು ನನಗೆ ಉತ್ಸಾಹವಿಲ್ಲ, ಕೇಳಲು ಅವರಿಗೂ ಇರಲಾರದು. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ. ದಣಿವಿನ ಕೆಲಸ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಕೆಲವು ದಿನ ಬೆಳಿಗ್ಗೆ ಏಳುವಾಗ ಆ ದಣಿವು ಮೈಯಲ್ಲಿ ಹಾಗೆಯೇ ಇರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗದಗಿನ ಒಂದು ದವಾಖಾನೆಯ ಹಿಂಬದಿಯಲ್ಲಿ ನಮಗೆ ಎರಡು ಕೋಣೆ ಕೊಟ್ಟಿದ್ದರು. ಒಂದರಲ್ಲಿ ಡಾಕ್ಟರು ರೋಗಿಗಳನ್ನು ನೋಡುತ್ತಿದ್ದರು. ಇನ್ನೊಂದರಲ್ಲಿ ರೋಗಿಗಳ ಮನೆಯವರನ್ನು ಕೂರಿಸಿಕೊಂಡು ನಾನು ಪಾಠ ಹೇಳಬೇಕಿತ್ತು. ತಿಂಗಳಿಗೊಮ್ಮೆ ಗುಳಿಗೆಯ ಡಬ್ಬಿ, ಚಿತ್ರಪಟದ ಸುರುಳಿ ಹೊತ್ತುಕೊಂಡು ಕೆಂಪು ಬಸ್ಸಿನಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಹೋಗಿಬರುತ್ತಿದ್ದೆವು. ಅಲ್ಲಿಯ ತನಕ ಈ ಕಡೆಯ ಜನಕ್ಕೆ ಗೊತ್ತಿದ್ದ ದಾರಿ ಎರಡೇ. ಗುಡಿ ದರ್ಗಾ ತಿರುಗುವುದು, ಇಲ್ಲವೇ ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಬಿಟ್ಟು, ತಪ್ಪು ವಿಳಾಸ ಬರೆಸಿ, ಹಿಂತಿರುಗಿ ನೋಡದೆ ಬಂದುಬಿಡುವುದು. ಹಾಗೆ ಬಿಟ್ಟುಬಂದವರನ್ನು ಕಟುಕರೆಂದು ಮೊದಲ ವರ್ಷ ನಾನೂ ಎಲ್ಲರಂತೆ ಬೈಯುತ್ತಿದ್ದೆ. ಅವರ ಮನೆಗಳಲ್ಲಿ ಹೋಗಿ ಕುಳಿತ ಮೇಲೆ ನನ್ನ ಬಾಯಿ ತಾನಾಗಿ ಕಟ್ಟಿತು. ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವುದನ್ನು ಮನೆಯವರಿಗೆ ಕಲಿಸಿದರೆ ಈ ಬಿಟ್ಟುಬರುವುದು ತಪ್ಪುತ್ತದೆ ಎಂಬುದು ಮೇಲಿನವರ ಯೋಚನೆ. ಯೋಚನೆ ಒಳ್ಳೆಯದೇ ಇತ್ತು.

ನಮ್ಮ ಡಾಕ್ಟರು ಮೈಸೂರು ಕಡೆಯವರು. ಸಜ್ಜನರು, ಸಿಟ್ಟು ಬಂದರೂ ಪೇಚಾದರೂ ಕನ್ನಡಕ ತೆಗೆದು ಒರೆಸುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ಮೊದಲ ಪಾಠ ಅವರೇ ಹೇಳಿದರು. ಗೋಡೆಯ ಮೇಲೆ ಮಿದುಳಿನ ಚಿತ್ರ ತೂಗುಹಾಕಿ, ಯಾವ ಭಾಗದಲ್ಲಿ ಏನು ಕೆಟ್ಟರೆ ಏನಾಗುತ್ತದೆ ಎಂದು ಕೋಲಿನಿಂದ ತೋರಿಸಿ ತೋರಿಸಿ ವಿವರಿಸಿದರು. ಜನ ಕೈ ಕಟ್ಟಿಕೊಂಡು ಕೇಳಿದರು. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯೇ ಎಂದಾಗ ಕುರ್ತಕೋಟಿಯ ರೈತ ನಿಂಗಪ್ಪ ಎದ್ದು ನಿಂತ. ಅವನ ಹರೆಯದ ಮಗ ಶಿವಪ್ಪನಿಗೆ ಕಾಯಿಲೆ.

‘ನೀವು ಹೇಳಿದ್ದೆಲ್ಲಾ ಖರೆ ಐತ್ರಿ ಸಾಹೇಬ್ರ. ನಾ ಹೊಲಕ್ಕ ಹೋದಾಗ ಅಂವನ್ನ ಯಾರ ಕಡೆ ಬಿಟ್ಟ ಹೋಗ್ಲಿ?’

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಚಿತ್ರಪಟದಲ್ಲಿ ಅದಕ್ಕೆ ಜಾಗವಿರಲಿಲ್ಲ. ಆವತ್ತಿನಿಂದ ಪಾಠ ನನ್ನ ಪಾಲಿಗೆ ಬಂತು.

ಲಕ್ಷ್ಮೇಶ್ವರದಲ್ಲಿ ಮೊದಮೊದಲು ಸಂತೆಯ ದಿನವೇ ಪಾಠ ಇಟ್ಟುಕೊಂಡಿದ್ದೆವು. ಹೊರಗೆ ಗದ್ದಲವೋ ಗದ್ದಲ. ಬಂದ ಹೆಣ್ಣುಮಕ್ಕಳು ಬದನೆಕಾಯಿಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು, ಸಂತೆ ಇಳಿಯುವ ಹೊತ್ತಾದರೆ ಅರ್ಧದಲ್ಲೇ ಎದ್ದು ಹೋಗುತ್ತಿದ್ದರು. ಡಾಕ್ಟರಿಗೆ ಇದು ಸರಿಬರಲಿಲ್ಲ. ಶಾಂತವಾಗಿ ಕೇಳಲಿ ಎಂದು ಬೇರೆ ದಿನಕ್ಕೆ ಬದಲಾಯಿಸಿದರು. ಆ ದಿನ ಬಂದವರು ಯಾರೂ ಇಲ್ಲ. ನಾವಿಬ್ಬರೇ ಜಮಖಾನೆ ಹಾಸಿಕೊಂಡು ಚುರುಮರಿ ತಿಂದು, ಮಧ್ಯಾಹ್ನದ ಬಸ್ಸಿಗೆ ವಾಪಸಾದೆವು. ಮುಂದಿನ ತಿಂಗಳೂ ಅದೇ ಹಾಡು. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಅಜ್ಜ ಒಬ್ಬರು ಸಿಕ್ಕರು, ಅವರ ಮಗಳು ನಮ್ಮಲ್ಲಿಗೆ ಬರುವ ರೋಗಿ. ಯಾಕೆ ಬರುತ್ತಿಲ್ಲ ಎಂದು ಕೇಳಿದೆ.

‘ಸಂತಿ ದಿನ ಆದ್ರ ಎಲ್ಲಿಗೆ ಹೊಂಟೀರಿ ಅಂತ ಯಾರೂ ಕೇಳಂಗಿಲ್ಲ ತಂಗಿ’ ಎಂದರು ಅಜ್ಜ. ‘ಬ್ಯಾರೆ ದಿನ ಮಗಳ ಕೈ ಹಿಡಕೊಂಡು ಹೊಂಟ್ರ, ಯಾಕ, ಮತ್ತ ಶುರು ಆತೇನು ಅಂತ ಓಣಿಗೆ ಓಣೀನ ಕೇಳತೈತಿ. ಯಾರ್‍ಯಾರಿಗೆ ಹೇಳೂದು?’

ಮತ್ತೆ ಸಂತೆಯ ದಿನಕ್ಕೇ ಬಂದೆವು. ಈ ಕೆಲಸಕ್ಕೆ ಬರುವವರಿಗೆ ನನ್ನದೊಂದು ಮಾತು: ಪಾಠ ಎಷ್ಟು ಚೆನ್ನಾಗಿದೆ ಎಂದು ನೋಡುವ ಮೊದಲು, ಅಲ್ಲಿಗೆ ಬರಲು ಜನಕ್ಕೆ ಹೇಳಿಕೊಳ್ಳಲೊಂದು ನೆಪ ಇದೆಯೇ ಎಂದು ನೋಡಿ.

ನಿಂಗಪ್ಪನ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಅವನಿಂದ ನನಗೆ ಪೆಟ್ಟು ಬಿದ್ದದ್ದು ಒಂದೇ ಸಲವಲ್ಲ. ನಮ್ಮ ಪಾಠಗಳಲ್ಲಿ ಮುಖ್ಯವಾದದ್ದು, ರೋಗಿಯನ್ನು ಬೈಯಬೇಡಿ, ಚುಚ್ಚಿ ಮಾತಾಡಬೇಡಿ ಎಂಬುದು. ಅದನ್ನು ನಾನು ಹಾಡಿನ ಪಲ್ಲವಿಯಂತೆ ಹೇಳುತ್ತಿದ್ದೆ. ಕೆಲವು ವಾರ ಕಳೆದು ನಿಂಗಪ್ಪನ ಹೆಂಡತಿ ಬಂದು, ಮನೆಯಲ್ಲಿ ಅಪ್ಪ ಮಗ ಮಾತೇ ಆಡುತ್ತಿಲ್ಲ, ಹುಡುಗ ಮೂಲೆ ಸೇರಿದ್ದಾನೆ ಎಂದಳು. ನಿಂಗಪ್ಪನನ್ನು ಕರೆದು ಕೇಳಿದೆ.

‘ನೀವ ಬೈಯಬ್ಯಾಡ ಅಂದ್ರಿ ಅಕ್ಕಾರ’ ಎಂದ. ‘ಬೈಯೋದ ಬಿಟ್ಟು ಬ್ಯಾರೆ ಮಾತು ನನಗ ಬರಂಗಿಲ್ಲ. ಅದಕ್ಕ ಮಾತ ಬಿಟ್ಟೀನಿ.’

ಅವನಪ್ಪ ಅವನನ್ನು ಬೈದೇ ಬೆಳೆಸಿದ್ದ, ಇವನೂ ಬೈದೇ ಪ್ರೀತಿ ಮಾಡಿದ್ದ. ಒಂದನ್ನು ಕಸಿದುಕೊಂಡರೆ ಅದರ ಜಾಗದಲ್ಲಿ ಇನ್ನೊಂದನ್ನು ಇಡಬೇಕೆಂಬುದು ನಮ್ಮ ಪಾಠದಲ್ಲಿ ಇರಲಿಲ್ಲ. ‘ಎತ್ತಿನ ಕೂಡ ಮಾತಾಡುವುದಿಲ್ಲವೇ ನೀನು? ಹಾಗೆಯೇ ಮಾತಾಡು’ ಎಂದೆ. ಅದು ಅವನಿಗೆ ತಿಳಿಯಿತು. ಎತ್ತುಗಳನ್ನು ಅವನು ಒಂದು ದಿನವೂ ಬೈದವನಲ್ಲ.

ಮುಂಡರಗಿಯಲ್ಲಿ ಒಬ್ಬರು ಪ್ರತಿ ಪಾಠಕ್ಕೂ ತಪ್ಪದೆ ಬರುತ್ತಿದ್ದರು. ಬಿಳಿ ಟೋಪಿ, ಒಗೆದ ಧೋತರ. ಎಲ್ಲರಿಗಿಂತ ಮೊದಲು ಬಂದು ಮುಂದೆ ಕೂರುವರು. ಗುಳಿಗೆ ನಿಲ್ಲಿಸಿದರೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ, ಊಟ ಬಿಟ್ಟರೆ ಏನು ಮಾಡಬೇಕು, ನಿದ್ದೆ ಕೆಟ್ಟರೆ ಅದು ಸೂಚನೆಯೇ ಎಂದು ಅವರು ಕೇಳುತ್ತಿದ್ದ ಪ್ರಶ್ನೆಗಳಿಂದ ಉಳಿದವರಿಗೂ ಉಪಕಾರವಾಗುತ್ತಿತ್ತು. ಒಂದು ವರ್ಷವೇ ಕಳೆದಿರಬೇಕು. ಒಮ್ಮೆ ಡಾಕ್ಟರು, ‘ನಿಮ್ಮ ಮನೆಯ ರೋಗಿಯನ್ನು ಒಂದು ದಿನವೂ ಕರೆತರಲಿಲ್ಲವಲ್ಲ’ ಎಂದರು.

‘ಈಗ ಯಾರೂ ಇಲ್ರಿ’ ಎಂದರು ಅವರು. ‘ಇದ್ದಾಕಿ ಹ್ವಾದಳು, ಭಾಳ ವರ್ಷ ಆತು. ಏನ ಮಾಡಬೇಕಿತ್ತು ಅಂತ ತಿಳಕೊಳ್ಳಾಕ ಬರತೀನಿ.’

ಆಮೇಲೂ ಅವರು ಬರುತ್ತಲೇ ಇದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಬೆಟಗೇರಿಯ ಗಂಗವ್ವನ ಕಥೆ ಹೇಳುತ್ತೇನೆ. ನನ್ನ ಇಡೀ ನೌಕರಿಯಲ್ಲಿ ಕಲಿಸಿದ್ದು ಹೆಚ್ಚೋ ಕಲಿತದ್ದು ಹೆಚ್ಚೋ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಒಂದೇ ಕಥೆ.

ಗಂಗವ್ವನ ಗಂಡ ಈರಣ್ಣ ನೇಕಾರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಸೀರೆಯ ಅಂಚು ಅಷ್ಟು ಚೆಂದ ಬರುತ್ತಿತ್ತು ಎಂದು ಓಣಿಯೇ ಹೇಳುತ್ತಿತ್ತು. ಅವನಿಗೆ ಯಾರೋ ಕಿವಿಯಲ್ಲಿ ಮಾತಾಡಿದಂತೆ ಕೇಳುವ ಕಾಯಿಲೆ. ನಮ್ಮ ಗುಳಿಗೆಯಿಂದ ಬಹಳಷ್ಟು ತಗ್ಗಿತ್ತು, ತಿಂಗಳಿಡೀ ನೇಯುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಅಮಾವಾಸ್ಯೆ ಬಂದರೆ ಮಾತ್ರ ಕೆಡುತ್ತಿತ್ತು. ಬೆಳಿಗ್ಗೆಯಿಂದ ತಿರುಗಾಡುವನು, ಮಧ್ಯಾಹ್ನದ ಹೊತ್ತಿಗೆ ಓಣಿಗೆ ಬಂದು ಕಂಡವರ ಮೇಲೆ ಕೂಗಾಡುವನು. ಒಮ್ಮೆ ನೆರೆಮನೆಯ ಬಾಗಿಲಿಗೆ ಕಲ್ಲನ್ನೂ ಎಸೆದ. ಅವರ ಮನೆಗೆ ಯಜಮಾನ ಈರಣ್ಣನ ಅಣ್ಣ ಚನ್ನಪ್ಪ. ಅವನು ತಮ್ಮನ ಹೆಂಡತಿಗೆ ನಮ್ಮೆದುರಿಗೇ ಹೇಳಿಬಿಟ್ಟಿದ್ದ.

‘ದೀಪಾವಳಿ ಅಮಾಸಿ ತನಕ ನೋಡತೀನಿ. ಆಗಲೂ ಹಿಂಗ ಆದ್ರ ದೊಡ್ಡ ಆಸ್ಪತ್ರೆಗೆ ಒಯ್ದ ಬಿಟ್ಟ ಬರತೀನಿ. ಮಗ್ಗ ನನ್ನ ಮಗ ನೋಡಕೋತಾನ.’

ಬಿಟ್ಟು ಬರುವುದು ಎಂದರೆ ಏನೆಂದು ಗಂಗವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಹೋದರೆ ಆ ಮನೆಯಲ್ಲಿ ಅವಳಿಗೆ ಉಳಿಯುವುದು ಕಂಡಿಕೆಗೆ ನೂಲು ಸುತ್ತುವ ರಾಟಿ ಒಂದೇ.

ಆ ಸಲದ ಪಾಠದಲ್ಲಿ ನಾನು ಒಂದು ಹೊಸ ಚಿತ್ರಪಟ ಬಿಚ್ಚಿದೆ. ಅದರಲ್ಲಿ ಚಂದ್ರನಿದ್ದ, ಚಂದ್ರನ ಮೇಲೆ ಕೆಂಪು ಗೀಟು. ಹುಣ್ಣಿಮೆ ಅಮಾವಾಸ್ಯೆಗೂ ಈ ಕಾಯಿಲೆಗೂ ಸಂಬಂಧವಿಲ್ಲ, ಇದು ಮೂಢನಂಬಿಕೆ ಎಂದೆ. ಗಂಗವ್ವ ಕಡ್ಡಿ ಮುರಿದಂತೆ ಮಾತಾಡುವವಳು.

‘ಅಕ್ಕಾರ, ನೀವು ಒಂದ ಅಮಾಸಿ ನಮ್ಮ ಮನ್ಯಾಗ ಕುಂತ ನೋಡ್ರಿ. ಆಮ್ಯಾಲೆ ಗೀಟ ಹೊಡೀರಿ.’

ಅವಳ ಪಕ್ಕದಲ್ಲಿ ಹುಸೇನಬಿ ಕುಳಿತಿದ್ದಳು. ಬೆಟಗೇರಿಯವಳೇ, ಹತ್ತಿ ಹಿಂಜಿ ಗಾದಿ ಮಾಡುವ ಪಿಂಜಾರರ ಮನೆಯವಳು, ಗಂಡ ತೀರಿದ ಮೇಲೆ ತಮ್ಮ ದಾವಲನನ್ನು ನೋಡಿಕೊಂಡು ತವರಲ್ಲೇ ಇದ್ದಳು. ಅವಳು ಮೆಲ್ಲಗೆ, ‘ನಮ್ಮ ದಾವಲಂದು ಅಮಾಸಿ ಅಲ್ರಿ, ಶುಕ್ರವಾರ’ ಎಂದಳು. ಹಿಂದಿನಿಂದ ನಿಂಗಪ್ಪ, ‘ನಮ್ಮ ಶಿವಪ್ಪಂದು ಸ್ವಾಮಾರ’ ಎಂದ. ಡಾಕ್ಟರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ‘ಚಂದ್ರ ಒಬ್ಬನೇ ಸಾಲದು ಅಂತ ವಾರಗಳೂ ಸೇರಿಕೊಂಡವು’ ಎಂದು ನಕ್ಕು ಒಳಗೆ ಹೋದರು. ನಾನೂ ನಕ್ಕೆ. ಗಂಗವ್ವ ನಗಲಿಲ್ಲ.

ಮುಂದಿನ ಅಮಾವಾಸ್ಯೆಗೆ ನಾನು ಅವಳ ಮನೆಗೆ ಹೋದೆ. ನಿಜ ಹೇಳುತ್ತೇನೆ, ಅವಳ ಮಾತು ಸುಳ್ಳೆಂದು ತೋರಿಸಬೇಕೆಂದೇ ಹೋದದ್ದು. ಆ ಓಣಿಗೆ ನಾನು ಎಷ್ಟೋ ಸಲ ಹೋಗಿದ್ದೆ. ಮನೆಮನೆಯಿಂದ ಮಗ್ಗದ ಸಪ್ಪಳ, ನಾವು ಆಡಿದ ಮಾತು ನಮಗೇ ಕೇಳದಷ್ಟು. ಆ ದಿನ ಓಣಿ ನಿಶ್ಶಬ್ದವಾಗಿತ್ತು. ಅಮಾವಾಸ್ಯೆಗೆ ನೇಕಾರರು ಮಗ್ಗ ಹೂಡುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ, ಊದಿನಕಡ್ಡಿ ಹಚ್ಚಿ, ಅದನ್ನು ಮುಟ್ಟದೆ ಬಿಡುತ್ತಾರೆ. ಈರಣ್ಣ ಮಗ್ಗದ ಸುತ್ತ ಸುತ್ತುತ್ತಿದ್ದ. ಕುಣಿಯಲ್ಲಿ ಕಾಲು ಇಳಿಸಲು ಹೋಗುವನು, ಚನ್ನಪ್ಪ ರಟ್ಟೆ ಹಿಡಿದು ಎಳೆಯುವನು. ನಾನು ಹತ್ತಿರ ಕುಳಿತು, ಏನಾಗುತ್ತಿದೆ ಎಂದು ಕೇಳಿದೆ. ಅವನು ಮಗ್ಗದ ಮೇಲಿನ ಕಣ್ಣು ತೆಗೆಯದೆ ಹೇಳಿದ.

‘ಮಗ್ಗ ನಡದಾಗ ಅವ್ರ ಮಾತು ಕೇಳಂಗಿಲ್ರಿ. ಅಮಾಸಿ ದಿನ ಓಣಿ ಎಲ್ಲಾ ಗಪ್ ಆಗತೈತಿ. ಅವ್ರ ಅಷ್ಟ ಉಳೀತಾರ.’

ಮುಂದಿನ ಪಾಠಕ್ಕೆ ಬಂದಾಗ ನಿಂಗಪ್ಪನನ್ನು ಕೇಳಿದೆ, ಸೋಮವಾರ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?

‘ಏನೂ ಮಾಡಂಗಿಲ್ರಿ. ಸ್ವಾಮಾರ ಬಸವಣ್ಣನ ವಾರ, ಎತ್ತು ಹೂಡಂಗಿಲ್ಲ.’

ಹುಸೇನಬಿಯನ್ನು ಕೇಳಿದೆ, ಶುಕ್ರವಾರ? ‘ಜುಮ್ಮಾ ಐತಲ್ರಿ. ಬಿಲ್ಲು ಇಳಿಸಿ ಗ್ವಾಡಿಗೆ ತೂಗ ಹಾಕತೀವಿ.’ ಹತ್ತಿ ಹಿಂಜುವ ಆ ದೊಡ್ಡ ಬಿಲ್ಲಿನ ಮಿಡಿತ ದಿನವೆಲ್ಲ ಕೇಳುತ್ತಿದ್ದ ಮನೆ ಅದು. ಮೂರು ಮನೆ, ಮೂರು ಬೇರೆ ಬೇರೆ ದಿನ, ಕಾರಣ ಒಂದೇ. ಕೈಗೆ ಕೆಲಸವಿಲ್ಲದ, ಕಿವಿಗೆ ಸಪ್ಪಳವಿಲ್ಲದ ರಜೆಯ ದಿನ, ಸೂಟಿಯ ದಿನ. ಮನೆಯವರು ಕಂಡದ್ದು ಖರೆಯೇ ಇತ್ತು. ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ‘ಎಲ್ಲ ರೋಗಿಗೂ ಹೀಗೆ ಅಂತ ಹೇಳೋಕಾಗಲ್ಲ. ಗುಳಿಗೆ ಮಾತ್ರ ಬಿಡಬಾರದು. ಆದರೆ ಚಂದ್ರನ ಆ ಪಟ ಇನ್ಮೇಲೆ ಬೇಡ, ಸುತ್ತಿಡಿ’ ಎಂದರು.

ಈಗ ಅಮಾವಾಸ್ಯೆಗೆ ಈರಣ್ಣನಿಗೆ ಏನು ಕೆಲಸ? ಮಗ್ಗ ಮುಟ್ಟುವಂತಿಲ್ಲ, ಅದು ಓಣಿಯ ಕಟ್ಟಳೆ. ಗಂಗವ್ವನೇ ದಾರಿ ಹುಡುಕಿದಳು. ನೂಲಿನ ಸಿಕ್ಕು ಬಿಡಿಸುವುದಕ್ಕೆ ಮಗ್ಗ ಬೇಡ, ರಾಟಿಯೂ ಬೇಡ, ಯಾವ ದೇವರಿಗೂ ಅದರಿಂದ ಸಿಟ್ಟಿಲ್ಲ. ತಿಂಗಳಿಡೀ ಸಿಕ್ಕಾದ ನೂಲನ್ನೆಲ್ಲ ಬಿಸಾಡದೆ ಒಂದು ಬುಟ್ಟಿಯಲ್ಲಿ ಕೂಡಿಟ್ಟು, ಅಮಾವಾಸ್ಯೆಯ ದಿನ ಗಂಡನ ಮುಂದೆ ಇಡುತ್ತಿದ್ದಳು. ಒಂದು ತುದಿ ಅವನು, ಒಂದು ತುದಿ ಅವಳು ಹಿಡಿದು ಕೂರುವುದು. ಓಣಿಯ ಮೌನ ಅವನ ಕಿವಿಗೆ ತಾಗದಂತೆ ಅವಳು ಮಾತಾಡುತ್ತಲೇ ಇರಬೇಕು. ತವರಿನ ಸುದ್ದಿ, ಓಣಿಯ ಸುದ್ದಿ, ಯಾರ ಮನೆಯ ಮದುವೆಗೆ ಯಾವ ಸೀರೆ, ಹೀಗೆ. ಹೆಂಗಸರ ಕೆಲಸಕ್ಕೆ ಕುಳಿತಿದ್ದಾನೆಂದು ಓಣಿಯ ಗಂಡಸರು ಈರಣ್ಣನನ್ನು ಆಡಿಕೊಂಡರು. ಗಂಗವ್ವ ಬಾಗಿಲು ಮುಂದೆ ಮಾಡಿಕೊಂಡಳು.

ದೀಪಾವಳಿ ಅಮಾವಾಸ್ಯೆ ಬಂತು, ಹೋಯಿತು. ಈರಣ್ಣ ಓಣಿಗೆ ಕಾಲಿಡಲಿಲ್ಲ. ಚನ್ನಪ್ಪ ನಮ್ಮ ಕೋಣೆಗೆ ಬಂದು, ‘ಇರಲಿ ಬಿಡ್ರಿ, ಮಗ್ಗ ಅವಂದ ಐತಿ’ ಎಂದು ಹೇಳಿ ಹೋದ. ಆ ದಿನ ಡಾಕ್ಟರು ತಮ್ಮ ದುಡ್ಡಿನಲ್ಲಿ ಎಲ್ಲರಿಗೂ ಚಹಾ ತರಿಸಿದರು. ನಾನು ಗಂಗವ್ವನ ಉದಾಹರಣೆಯನ್ನು ಶಿರಹಟ್ಟಿಯಲ್ಲಿ ಹೇಳಿದೆ, ಮುಂಡರಗಿಯಲ್ಲಿ ಹೇಳಿದೆ. ಕೇಳಿದವರೆಲ್ಲ ತಲೆದೂಗಿದರು.

ಬೇಸಿಗೆ ಬಂತು. ಒಂದು ದಿನ ಗಂಗವ್ವ ಒಬ್ಬಳೇ ಬಂದಳು. ಮುಖ ಇಳಿದುಹೋಗಿತ್ತು. ಕುಳಿತವಳು ಬಹಳ ಹೊತ್ತು ಸೆರಗಿನ ತುದಿಯ ಎಳೆ ಕೀಳುತ್ತಿದ್ದಳು.

‘ಅಕ್ಕಾರ, ಅವ್ರನ್ನ ಆಸ್ಪತ್ರೆಗೆ ಹಾಕಾಕ ಚೀಟಿ ಬರಕೊಡ್ರಿ.’

ಗಂಡನಿಗೆ ಮತ್ತೆ ಹೆಚ್ಚಾಯಿತೇ ಎಂದು ಕೇಳಿದೆ.

‘ಇಲ್ರಿ. ಅವ್ರು ಆರಾಮ ಅದಾರ. ನಾನ ಇಲ್ಲ.’

ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ.

‘ತಿಂಗಳಿಡೀ ಕಂಡಕಿ ಸುತ್ತತೀನಿ, ರೊಟ್ಟಿ ಬಡೀತೀನಿ, ಗುಳಿಗಿ ಕೊಡತೀನಿ. ಅಮಾಸಿ ಒಂದ ನನಗ ಸೂಟಿ ಇತ್ತು. ತಲಿ ತೊಳಕೊಂಡು ಎರಡ ತಾಸ ಮಲಗತಿದ್ದೆ. ಈಗ ಆ ದಿನಾನ ಎಲ್ಲಾಕಿಂತ ಹೆಚ್ಚಿನ ಕೆಲಸ. ಸಿಕ್ಕು ಸಾಲವಲ್ದು ಅಕ್ಕಾರ. ಛಲೋ ನೂಲು ನಾನ ಸಿಕ್ಕು ಮಾಡಿ ಬುಟ್ಟಿಗೆ ಹಾಕತೀನಿ, ಅವ್ರು ಬಿಡಸಾಕ. ಮಾತೂ ಸಾಲವಲ್ದು. ಹೇಳಿದ್ದ ಹೇಳತೀನಿ. ನನ್ನ ಕೈಲಿ ಆಗವಲ್ದು.’

ಒಳ್ಳೆಯ ನೂಲನ್ನು ತಾನೇ ಸಿಕ್ಕು ಮಾಡಿ ಕೂರುತ್ತಿದ್ದಳು. ಗಂಡನನ್ನು ಕಳಿಸಬಾರದೆಂದು ಭಾವನ ಎದುರು ನಿಂತು ಹೋರಾಡಿದವಳು, ಗೆದ್ದ ಮೇಲೆ ಸೋತು ಬಂದು ಕುಳಿತಿದ್ದಳು. ಕಾಯಿಲೆ ಹೇಗೆ ಬರುತ್ತದೆ, ಗುಳಿಗೆ ಹೇಗೆ ಕೊಡಬೇಕು, ಸಿಟ್ಟು ಹೇಗೆ ನುಂಗಬೇಕು ಎಲ್ಲ ನಮ್ಮ ಪಾಠದಲ್ಲಿ ಇತ್ತು. ಅವಳು ಯಾವಾಗ ಮಲಗಬೇಕು ಎಂಬುದು ಇರಲಿಲ್ಲ. ಚೀಟಿ ಬರೆಯುವುದು ಡಾಕ್ಟರು, ಅವರು ನಾಳಿದ್ದು ಬರುತ್ತಾರೆ, ಆವತ್ತೇ ಪಾಠವೂ ಇದೆ, ಬಾ ಎಂದೆ. ಆಗಲಿ ಎಂದು ಎದ್ದಳು. ಚೀಟಿ ಬರೆದರೆ ಚನ್ನಪ್ಪ ಮರುದಿನವೇ ತಮ್ಮನನ್ನು ಕರೆದೊಯ್ಯುತ್ತಾನೆ ಎಂಬುದು ಇಬ್ಬರಿಗೂ ತಿಳಿದಿತ್ತು.

ಪಾಠದ ದಿನ ನಾನು ಯಾವ ಪಟವನ್ನೂ ಬಿಚ್ಚಲಿಲ್ಲ. ನನಗೂ ಸಾಕಾಗಿತ್ತು. ‘ನಿಮ್ಮಲ್ಲಿ ಒಬ್ಬರಿಗೆ ಕೈ ಸೋತಿದೆ. ಏನು ಮಾಡೋಣ?’ ಎಂದೆ. ಗಂಗವ್ವ ತಾನೇ ಎಲ್ಲ ಹೇಳಿದಳು. ಯಾರೂ ಅವಳಿಗೆ ಬುದ್ಧಿ ಹೇಳಲಿಲ್ಲ, ಏಕೆಂದರೆ ಅಲ್ಲಿದ್ದವರೆಲ್ಲ ಆ ಚೀಟಿಯನ್ನು ಮನಸ್ಸಿನಲ್ಲಿ ಒಮ್ಮೆಯಾದರೂ ಬರೆದವರೇ. ಕೊನೆಗೆ ಹುಸೇನಬಿ ಬಾಯಿ ಬಿಟ್ಟಳು.

‘ಗಂಗವ್ವಾ, ಅಮಾಸಿ ದಿನ ನಮ್ಮ ಮನ್ಯಾಗ ಸೂಟಿ ಇಲ್ಲ. ಬಿಲ್ಲ ನಡೀತಿರತೈತಿ, ಸಪ್ಪಳಕ್ಕೇನು ಕಡಿಮಿ ಇಲ್ಲ. ಅವ್ರನ್ನ ನಮ್ಮ ಕಡೆ ಕಳಸು. ಹತ್ತ್ಯಾಗಿನ ಕಸಾ ಆರಿಸ್ಲಿ.’

ಗಂಗವ್ವ ಅವಳ ಮುಖವನ್ನೇ ನೋಡಿದಳು. ‘ಶುಕ್ರವಾರ ನಮ್ಮ ಮಗ್ಗ ನಡೀತಿರತೈತಿ’ ಎಂದಳು ಆಮೇಲೆ. ‘ದಾವಲನ್ನ ಕಳಸು. ಕಂಡಕಿ ಸುತ್ತತಾನ. ನಮಾಜಿಗೆ ಹೋಗಿ ಮತ್ತ ಬರಲಿ.’

ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಏನಾದರೂ ಹೆಚ್ಚುಕಡಿಮೆಯಾದರೆ? ಡಾಕ್ಟರಿಗೆ ಹೇಳಿದೆ. ಒಬ್ಬರ ರೋಗಿಯನ್ನು ಇನ್ನೊಬ್ಬರ ಮನೆಗೆ ಕಳಿಸಿ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲವೆಂದರು. ಬರೆದಿಲ್ಲ ನಿಜ ಎಂದೆ. ಅವರು ಇಬ್ಬರು ರೋಗಿಗಳನ್ನೂ ಕರೆಸಿ, ಅವರಿಗೆ ಒಪ್ಪಿಗೆಯೇ ಎಂದು ಕೇಳಿ, ಗುಳಿಗೆಯ ಪ್ರಮಾಣ ಮತ್ತೊಮ್ಮೆ ನೋಡಿ, ‘ಮೊದಲ ದಿನ ನೀವು ಹೋಗಿ ನೋಡ್ಕೊಂಡು ಬನ್ನಿ’ ಎಂದರು. ಚೀಟಿಯನ್ನು ಆ ದಿನ ಬರೆಯಲಿಲ್ಲ.

ಅಡ್ಡ ಬಂದವನು ಚನ್ನಪ್ಪ. ‘ನಮ್ಮ ಮನ್ಯಾಂವ ಪಿಂಜಾರರ ಮನ್ಯಾಗ ಕುಂತು ಹತ್ತಿ ಆರಿಸಬೇಕೇನು? ಓಣ್ಯಾಗ ಮುಖ ಹ್ಯಾಂಗ ತೋರಿಸ್ಲಿ?’

ಗಂಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ತಗ್ಗಿದ ದನಿಯಲ್ಲಿ, ‘ಹಂಗಾದ್ರ ಈ ಅಮಾಸಿ ನೀವ ಅವ್ರ ಮುಂದ ಕುಂಡ್ರಿ ಭಾವಾರ’ ಎಂದಳು. ‘ನೂಲಿನ ತುದಿ ಹಿಡೀರಿ. ಮಾತ ಮಾತ್ರ ನಿಲ್ಲಸಬ್ಯಾಡ್ರಿ.’

ಚನ್ನಪ್ಪ ಹಟದ ಮನುಷ್ಯ. ಕುಳಿತ. ಊಟದ ಹೊತ್ತಿಗೆ ಅವನ ಮಾತೆಲ್ಲ ತೀರಿಹೋಗಿ, ವ್ಯಾಪಾರಿಗಳ ಹೆಸರು ಹೇಳುತ್ತ ಕುಳಿತಿದ್ದನಂತೆ. ಆಮೇಲೆ ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತವನು, ‘ಇಷ್ಟ ತಿಂಗಳ ಇದನ್ನ ಮಾಡೀಯೇನವ್ವಾ ನೀನು?’ ಎಂದು ಕೇಳಿದನಂತೆ. ಮುಂದಿನ ಅಮಾವಾಸ್ಯೆಗೆ ಈರಣ್ಣನನ್ನು ಹುಸೇನಬಿಯ ಮನೆಗೆ ಸೈಕಲ್ಲಿನಲ್ಲಿ ಬಿಟ್ಟುಬಂದವನು ಅವನೇ.

ಆ ದಿನ ಬೆಳಿಗ್ಗೆ ನಾನೂ ಹೋಗಿ ನೋಡಿದೆ. ಬಿಲ್ಲು ಮಿಡಿಯುತ್ತಿತ್ತು. ಈರಣ್ಣ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿಯಲ್ಲಿನ ಕಸ ಆರಿಸುತ್ತಿದ್ದ, ದಾವಲ ಅವನ ಎದುರಿಗೆ ಗಾದಿಯ ಗವಸು ಹೊಲಿಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿದಂತೆ ಕಾಣಲಿಲ್ಲ. ಇಬ್ಬರಿಗೂ ಅದರ ಅಗತ್ಯವೂ ಕಾಣಲಿಲ್ಲ. ‘ನೀವು ಹೋಗ್ರಿ ಅಕ್ಕಾರ, ನಾ ಅದೀನಿ’ ಎಂದಳು ಹುಸೇನಬಿ. ಅವಳ ಸೂಟಿ ಶುಕ್ರವಾರಕ್ಕಿತ್ತು.

ಹೀಗೆ ಎಲ್ಲರಿಗೂ ಒದಗಿತು ಎಂದು ತಿಳಿಯಬೇಡಿ. ಕುರ್ತಕೋಟಿ ದೂರ, ನಿಂಗಪ್ಪನ ಸೋಮವಾರವನ್ನು ಯಾರೂ ಹಂಚಿಕೊಳ್ಳಲಾಗಲಿಲ್ಲ. ಲಕ್ಷ್ಮೇಶ್ವರದಲ್ಲಿ ಇದನ್ನೇ ಮಾಡಲು ಹೋಗಿ ಎರಡು ಮನೆಗಳ ನಡುವೆ ಜಗಳವಾಯಿತು, ನಡುವೆ ಬಿದ್ದು ಬೈಗುಳ ತಿಂದವಳು ನಾನು. ಎಷ್ಟೋ ಮನೆಗಳಿಂದ ರೋಗಿಗಳು ದೊಡ್ಡ ಆಸ್ಪತ್ರೆಗೆ ಹೋದರು, ಎಷ್ಟೋ ವಿಳಾಸಗಳು ಸುಳ್ಳಾಗಿದ್ದವು. ಹೊಸಬರು ಇದನ್ನೂ ತಿಳಿದಿರಲಿ.

ಈರಣ್ಣ ಹತ್ತಿ ಆರಿಸಲು ಹೋದ ಆ ಮೊದಲ ಅಮಾವಾಸ್ಯೆಯ ದಿನವೇ ನಮ್ಮ ಪಾಠವೂ ಇತ್ತು. ಸಾಲದ್ದಕ್ಕೆ ನಮ್ಮ ಕೆಲಸ ಪರಿಶೀಲಿಸಲು ಮೇಲಿನ ಅಧಿಕಾರಿಯೊಬ್ಬರು ಬಂದಿದ್ದರು. ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ನಾನು ಹುಸೇನಬಿಯ ಮನೆಯಿಂದ ಅವಸರದಲ್ಲಿ ಬಂದು ಪಟ ತೂಗುಹಾಕಿದೆ. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಗಂಗವ್ವ ಬಂದಳು. ತಲೆ ತೊಳೆದುಕೊಂಡಿದ್ದಳು, ಕೂದಲು ಇನ್ನೂ ಹಸಿಯಾಗಿತ್ತು. ಜೊತೆಗೆ ಯಾರೂ ಇಲ್ಲದೆ ಅವಳು ಬಂದದ್ದನ್ನು ಕಂಡು ಹೆಂಗಸರು ಸರಿದು ಜಾಗ ಕೊಟ್ಟರು. ಗೋಡೆಗೆ ಒರಗಿ ಕುಳಿತಳು. ನಾನು ಎರಡನೆಯ ಪಟ ತಿರುವುವಷ್ಟರಲ್ಲಿ ಜಮಖಾನೆಯ ಮೇಲೆ ಜಾರಿ, ತೋಳು ತಲೆಗಿಟ್ಟುಕೊಂಡು ಮಲಗಿಬಿಟ್ಟಿದ್ದಳು. ಸಣ್ಣಗೆ ಗೊರಕೆ ಕೇಳುತ್ತಿತ್ತು.

ಅಧಿಕಾರಿ ಹುಬ್ಬು ಗಂಟಿಕ್ಕಿ, ‘ಏನ್ರೀ ಇದು? ಆಯಮ್ಮ ಪಾಠ ಕೇಳೋಕೆ ಬಂದಿದ್ದೋ, ಮಲಗೋಕೆ ಬಂದಿದ್ದೋ?’ ಎಂದರು.

ಹಿಂದೆ ಕುಳಿತಿದ್ದ ನಿಂಗಪ್ಪ ಎದ್ದು ನಿಂತು, ಅವಳಿಗೆ ಎಚ್ಚರವಾಗದಷ್ಟು ತಗ್ಗಿದ ದನಿಯಲ್ಲಿ ಹೇಳಿದ.

‘ಪಾಠ ಕೇಳ್ಯಾಳ್ರಿ ಸಾಹೇಬ್ರ. ಅದಕ್ಕ ಮಲಗ್ಯಾಳ.’

ಅಧಿಕಾರಿ ಡಾಕ್ಟರ ಮುಖ ನೋಡಿದರು. ಡಾಕ್ಟರು ಕೈಸನ್ನೆ ಮಾಡಿ, ಪಟ ಇಳಿಸಿ ಪಡಸಾಲೆಗೆ ತರಲು ನನಗೆ ಹೇಳಿದರು. ಜನರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ಸಪ್ಪಳವಿಲ್ಲದಂತೆ ಒಬ್ಬೊಬ್ಬರಾಗಿ ಎದ್ದು ಹೊರಗೆ ಬಂದರು. ಕೊನೆಗೆ ಬಂದ ಹೆಂಗಸು ಬಾಗಿಲು ಮುಂದೆ ಮಾಡಿದಳು. ಪಾಠ ಪಡಸಾಲೆಯಲ್ಲಿ ನಡೆಯಿತು. ಗಂಗವ್ವ ಸಂಜೆಯ ತನಕ ಏಳಲಿಲ್ಲ.